ಒಂದು ಡೊಮೇನ್‌ಗೆ ಒಂದೇ ಎಸ್‌ಪಿಎಫ್ ರೆಕಾರ್ಡ್

ಎಸ್‌ಪಿಎಫ್ ಅಂದರೆ ನಿಮ್ಮ ಡೊಮೇನ್ ಹೆಸರಲ್ಲಿ ಮೇಲ್ ಕಳಿಸಲು ಯಾವ ಸರ್ವರ್‌ಗಳಿಗೆ ಅನುಮತಿ ಇದೆ ಎಂದು ಡಿಎನ್‌ಎಸ್‌ನಲ್ಲಿ (ಡೊಮೇನ್‌ನ ವಿವರ ಇಡುವ ವ್ಯವಸ್ಥೆ) ಹೇಳುವ ಪಟ್ಟಿ. ಗೂಗಲ್ ವರ್ಕ್‌ಸ್ಪೇಸೋ ನ್ಯೂಸ್‌ಲೆಟರ್ ಸೇವೆಯೋ ಹೊಸದಾಗಿ ಸೇರಿಸುವಾಗ ಎರಡನೇ ಎಸ್‌ಪಿಎಫ್ ರೆಕಾರ್ಡ್ ಹಾಕಬೇಡಿ. ಹೋಸ್ಟಿಂಗ್ ಪ್ಯಾನೆಲ್ ಮೊದಲೇ ಹಾಕಿಟ್ಟ ರೆಕಾರ್ಡ್ ಇದ್ದರೆ ಅದನ್ನೇ ತೆರೆದು, ಕೊನೆಯ 'ಆಲ್'ಗಿಂತ (ಉಳಿದೆಲ್ಲ ಸರ್ವರ್‌ಗಳಿಗೆ ಏನು ಮಾಡಬೇಕೆಂದು ಹೇಳುವ ಭಾಗ) ಮುಂಚೆ ಹೊಸ 'ಇನ್‌ಕ್ಲೂಡ್' (ಆ ಸೇವೆಯ ಪಟ್ಟಿಯನ್ನೂ ನೋಡು ಎನ್ನುವ ಭಾಗ) ಸೇರಿಸಿ. 'ಆಲ್' ಆದಮೇಲೆ ಬರೆದದ್ದು ಲೆಕ್ಕಕ್ಕೇ ಬರುವುದಿಲ್ಲ. ಎರಡು ಎಸ್‌ಪಿಎಫ್ ಕಂಡರೆ ಮೇಲ್ ಪಡೆಯುವ ಸರ್ವರ್ ಯಾವುದನ್ನೂ ಆರಿಸುವುದಿಲ್ಲ, 'ಪರ್ಮ್‌ಎರರ್' (ರೆಕಾರ್ಡ್ ಸರಿಪಡಿಸುವವರೆಗೂ ಹೋಗದ ದೋಷ) ಅಂದುಬಿಡುತ್ತದೆ. ಆಗ ಸರಿಯಾದ ಮೇಲ್ ಕೂಡ ಸ್ಪ್ಯಾಮ್‌ಗೆ ಹೋಗಬಹುದು. ಆದರೆ ಒಂದೇ ರೆಕಾರ್ಡ್‌ಗೆ ಜಾಸ್ತಿ ತುಂಬಿದರೂ ಕಷ್ಟ: ಅದನ್ನು ಪರಿಶೀಲಿಸಲು ಬೇಕಾದ ಡಿಎನ್‌ಎಸ್ ಹುಡುಕಾಟ 10 ದಾಟಿದರೆ ಅದೇ ಎರರ್. ಇನ್‌ಕ್ಲೂಡ್ ಒಳಗಿನ ಇನ್‌ಕ್ಲೂಡ್‌ಗಳೂ ಈ ಎಣಿಕೆಗೆ ಸೇರುತ್ತವೆ, ಹಾಗಾಗಿ ಈಗ ಬಳಸದ ಸೇವೆಗಳನ್ನು ಸುಮ್ನೆ ಇಟ್ಟುಕೊಳ್ಳಬೇಡಿ, ತೆಗೆದುಹಾಕಿ. ಇನ್ನು, ಫಾರ್ವರ್ಡ್ ಆದ ಮೇಲ್‌ನಲ್ಲಿ ಎಸ್‌ಪಿಎಫ್ ಸಾಮಾನ್ಯವಾಗಿ ಫೇಲ್ ಆಗುತ್ತದೆ. ಅದಕ್ಕೇ ಡಿಕಿಮ್ ಸಹಿಯನ್ನೂ (ಮೇಲ್ ಜೊತೆಗೇ ಹೋಗುವ ಡಿಜಿಟಲ್ ಸಹಿ) ಖಂಡಿತ ಆನ್ ಮಾಡಿಡಿ.