ಗಂಡಿಲಿಗಳು ದಪ್ಪಗಾಗಲಿಲ್ಲ

ನನ್ನ ಮೊದಲ ಪ್ರಯೋಗ ಹದಿನಾಲ್ಕು ತಿಂಗಳು ನಡೆದು, ಏನನ್ನೂ ಹೇಳದೆ ಮುಗಿಯಿತು. ಸ್ಕಿಜೋಫ್ರೇನಿಯಾ ಎಂಬ ಮನೋರೋಗಕ್ಕೆ ಕೊಡುವ ಒಲಾಂಜಪೀನ್ ಔಷಧ ಕೆಲವೇ ವಾರಗಳಲ್ಲಿ ರೋಗಿಗಳ ತೂಕ ಏರಿಸುತ್ತದೆ ಎಂಬುದು ಆಗಲೇ ಗೊತ್ತಿದ್ದ ವಿಷಯ. ಏಕೆ ಎಂದು ಇಲಿಗಳಲ್ಲಿ ನೋಡಲು ಹೊರಟೆ. ದಿನವೂ ಚುಚ್ಚುಮದ್ದು ಕೊಟ್ಟೆ, ದಿನವೂ ತೂಗಿದೆ. ದಪ್ಪಗಾಗುವುದಿರಲಿ, ಕೆಲವು ಇಲಿಗಳು ತೆಳ್ಳಗಾದವು.

ನನ್ನ ತಪ್ಪು ಎರಡು. ನಾನು ಆರಿಸಿದ್ದು ಬರೀ ಗಂಡಿಲಿಗಳನ್ನು. ಹೆಣ್ಣಿಲಿಗಳ ಋತುಚಕ್ರದಿಂದ ಫಲಿತಾಂಶ ಏರುಪೇರಾಗುತ್ತದೆ ಎಂಬ ಪ್ರಯೋಗಾಲಯದ ನಂಬಿಕೆಯನ್ನು ನಾನೂ ಪ್ರಶ್ನಿಸದೆ ಒಪ್ಪಿದ್ದೆ. ಈ ಔಷಧದಿಂದ ಎದ್ದು ಕಾಣುವಂತೆ ತೂಕ ಏರುವುದು ಹೆಣ್ಣಿಲಿಗಳಲ್ಲೇ! ಇನ್ನೊಂದು ತಪ್ಪು ಹೇಳಿಕೊಳ್ಳಲೂ ನಾಚಿಕೆಯಾಗುವಂಥದ್ದು. ಮನುಷ್ಯರ ರಕ್ತದಲ್ಲಿ ಒಲಾಂಜಪೀನ್ ಅರ್ಧಕ್ಕಿಳಿಯಲು ಸುಮಾರು 30 ಗಂಟೆ ಬೇಕು, ಇಲಿಗೆ ಎರಡು ಮೂರು ಗಂಟೆ ಸಾಕು. ದಿನಕ್ಕೊಂದು ಚುಚ್ಚುಮದ್ದು ಕೊಟ್ಟು, ದಿನದ ಬಹುಪಾಲು ಔಷಧವೇ ಇಲ್ಲದ ಇಲಿಯನ್ನು ನಾನು ಅಧ್ಯಯನ ಮಾಡುತ್ತಿದ್ದೆ. ಚರ್ಮದಡಿ ಪುಟ್ಟ ಪಂಪು ಇಡೋಣವೆಂದರೆ ದ್ರಾವಣದಲ್ಲಿ ಈ ಔಷಧ ಬೇಗ ಕೆಡುತ್ತದೆ. ಕೊನೆಗೆ ಸಿಹಿ ಹಿಟ್ಟಿನ ಸಣ್ಣ ಉಂಡೆಯಲ್ಲಿ ಬೆರೆಸಿ ಎಂಟು ಗಂಟೆಗೊಮ್ಮೆ ತಿನ್ನಿಸಿದೆ. ನಡುರಾತ್ರಿ ಬಾಗಿಲಿನ ಸದ್ದಾದರೆ ಸಾಕು, ಹೆಣ್ಣಿಲಿಗಳು ಸರಳುಗಳ ನಡುವೆ ಮೂತಿ ತೂರಿಸಿ ಕಾಯುತ್ತಿದ್ದವು.

ಈಗ ತೂಕ ಏರಿತು. ಆದರೆ ತಿಂದದ್ದೆಷ್ಟು? ಉಳಿದದ್ದನ್ನು ತೂಗಿ ಕಳೆದರೆ ಲೆಕ್ಕ ಸಿಗುವುದಿಲ್ಲ, ಇಲಿ ಕಡಿದು ಚೆಲ್ಲುವುದೂ ಸಾಕಷ್ಟಿರುತ್ತದೆ. ಪಂಜರದ ಹಾಸನ್ನು ಜರಡಿ ಹಿಡಿದು, ಹಿಕ್ಕೆಯ ನಡುವಿನಿಂದ ಆಹಾರದ ಚೂರುಗಳನ್ನು ಚಿಮುಟದಲ್ಲಿ ಆರಿಸುವುದೇ ನನ್ನ ಬೆಳಗಿನ ಕೆಲಸವಾಯಿತು. ಪಿಎಚ್‌.ಡಿ. ಎಂದರೆ ಇದೇ ಎಂದು ಮನೆಯಲ್ಲಿ ಹೇಳಿರಲಿಲ್ಲ. ಆಮೇಲೆ, ಔಷಧವಿಲ್ಲದ ಇಲಿಗಳು ತಿಂದಷ್ಟನ್ನೇ ಔಷಧದ ಇಲಿಗಳಿಗೂ ಅಳೆದು ಕೊಟ್ಟೆ. ತೂಕದಲ್ಲಿ ಹೆಚ್ಚು ವ್ಯತ್ಯಾಸ ಉಳಿಯಲಿಲ್ಲ. ಕೊಯ್ದು ನೋಡಿದರೆ ಹೊಟ್ಟೆಯೊಳಗಿನ ಕೊಬ್ಬು ಮಾತ್ರ ಹೆಚ್ಚಾಗಿತ್ತು.

ನಾನು ಈ ಕ್ಷೇತ್ರಕ್ಕೆ ಬಂದದ್ದು 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ತಂಡ, ದೇಹದ ಕೊಬ್ಬು ಸ್ರವಿಸುವ ಲೆಪ್ಟಿನ್ ಎಂಬ ಹಾರ್ಮೋನಿನ ವಂಶವಾಹಿಯನ್ನು ಪತ್ತೆಹಚ್ಚಿದ ಸುದ್ದಿಗೆ ಮರುಳಾಗಿ. ಮಿದುಳಿಗೆ 'ಸಾಕು' ಎಂದು ಹೇಳಿಕಳಿಸುವುದು ಕೊಬ್ಬೇ! ಬೊಜ್ಜಿನ ಸಮಸ್ಯೆ ತೀರಿತು ಎಂದೇ ಭಾವಿಸಿದ್ದೆ. ಬೊಜ್ಜಿರುವ ಬಹುತೇಕರಲ್ಲಿ ಲೆಪ್ಟಿನ್‌ಗೆ ಕೊರತೆಯಿಲ್ಲ, ಮಿದುಳು ಅದಕ್ಕೆ ಕಿವಿಗೊಡುವುದಿಲ್ಲ, ಅಷ್ಟೇ. ಒಲಾಂಜಪೀನ್ ಬೇರೆ ದಾರಿ ಹಿಡಿಯುತ್ತದೆ. ಮಿದುಳಿನಲ್ಲಿ ಹಸಿವನ್ನು ಹತೋಟಿಯಲ್ಲಿಡುವ ಹಿಸ್ಟಮಿನ್ ಮತ್ತು ಸೆರೊಟೋನಿನ್ ಎಂಬ ರಾಸಾಯನಿಕಗಳ ಸಂದೇಶ ಪಡೆಯುವ ಗ್ರಾಹಕಗಳನ್ನು ತಡೆಯುತ್ತದೆ. ಹಾಗೆಂದು ಎಲ್ಲ ಆರೋಪವನ್ನೂ ಮಾತ್ರೆಯ ಮೇಲೆ ಹೊರಿಸಲಾರೆ. ಈ ಮಾತ್ರೆಗಳು ಹುಟ್ಟುವ ಎಷ್ಟೋ ಮೊದಲು, 1879ರಲ್ಲೇ, ಮನೋವೈದ್ಯ ಹೆನ್ರಿ ಮಾಡ್ಸ್ಲಿ ಮನೋರೋಗವಿರುವ ಕುಟುಂಬಗಳಲ್ಲಿ ಮಧುಮೇಹ ಕಾಣಿಸಿಕೊಳ್ಳುವುದನ್ನು ಗುರುತಿಸಿದ್ದರು.

ಇಲಿಗಳನ್ನು ಬಿಟ್ಟು ಚಿಕಿತ್ಸಾಲಯಕ್ಕೆ ಬಂದ ಮೇಲೆ ಒಬ್ಬ ಮಹಿಳೆ ಹೇಳಿದರು: "ಮೇಡಂ, ಕಿವಿಯಲ್ಲಿ ಕೇಳುತ್ತಿದ್ದ ಮಾತುಗಳು ನಿಂತಿವೆ. ಆದರೆ ಉಂಡು ಕೈ ತೊಳೆಯುವಷ್ಟರಲ್ಲಿ ಮತ್ತೆ ಹಸಿವು. ಮಾತ್ರೆ ಬಿಟ್ಟುಬಿಡಲೇ?" ಅವರ ಕಡತದಲ್ಲಿ ಹಿಂದೆ ಯಾರೋ ಬರೆದಿದ್ದರು: 'ಬಾಯಿ ಕಟ್ಟುವಂತೆ ತಿಳಿಸಲಾಗಿದೆ.' ಮೊದಲ ಮಾತ್ರೆ ಕೊಟ್ಟ ದಿನದ ತೂಕದ ದಾಖಲೆ ಎಲ್ಲೂ ಇರಲಿಲ್ಲ.

ನಮ್ಮ ಅಧ್ಯಯನದಲ್ಲಿ ಈಗ ಔಷಧ ಶುರುವಾಗುವ ಮೊದಲೇ ತೂಕ, ಸೊಂಟದ ಸುತ್ತಳತೆ, ಖಾಲಿ ಹೊಟ್ಟೆಯ ಸಕ್ಕರೆ ದಾಖಲಾಗುತ್ತವೆ. ಆ ಮಹಿಳೆಗೆ ಅವರ ಮನೋವೈದ್ಯರು ಮಧುಮೇಹದ ಔಷಧವಾದ ಮೆಟ್‌ಫಾರ್ಮಿನ್ ಸೇರಿಸಿದರು. ತೂಕ ತುಸು ಇಳಿದಿದೆ, ಮಾತ್ರೆ ಬಿಟ್ಟಿಲ್ಲ. ಹಸಿವು ಹೇಗಿದೆ ಎಂದು ಹೋದ ತಿಂಗಳು ಕೇಳಿದೆ. "ಇದೆ ಮೇಡಂ, ಆದರೆ ಈಗ ಸ್ವಲ್ಪ ಹೊತ್ತು ಕಾಯುತ್ತದೆ" ಎಂದರು.