ಕೆರೆಯದೆ ಬಿಟ್ಟ ಮೂಳೆ

ಮೊದಲು ತೊಂದರೆ ಕೊಟ್ಟದ್ದು ಅಂಗಿಯ ಬಲತೋಳು. ಅದರೊಳಗೆ ಕೈ ತೂರಿಸುವಾಗ ಭುಜದ ಹಿಂಬದಿಯಲ್ಲಿ ಏನೋ ಚುಚ್ಚಿದಂತಾಗುತ್ತಿತ್ತು. ಅಂಕಣಕ್ಕಿಳಿದು ಮೈ ಬಿಸಿಯಾದ ಮೇಲೆ ನೋವು ಮಾಯವಾಗುತ್ತಿತ್ತು, ನಾನೂ ಮರೆಯುತ್ತಿದ್ದೆ. ಹದಿನಾಲ್ಕು ವರ್ಷ ವಾಲಿಬಾಲ್‌ನಲ್ಲಿ ಸ್ಪೈಕ್ ಹೊಡೆದವನಿಗೆ ಭುಜನೋವು ಮೊಣಕಾಲಿನ ತರಚುಗಾಯದಷ್ಟೇ ಮಾಮೂಲು ಎಂಬ ಜಂಬ ಬೇರೆ. ಬಲಮಗ್ಗುಲಾಗಿ ಮಲಗಲಾಗದೆ ರಾತ್ರಿ ಎಚ್ಚರವಾಗತೊಡಗಿತು, ಜಂಪ್ ಸರ್ವ್‌ಗಳು ಬಲೆಯನ್ನೇ ದಾಟದಾದವು. ಆಗ ವೈದ್ಯರ ಬಳಿ ಹೋದೆ. ಅಷ್ಟರಲ್ಲಿ ಎಂಟು ತಿಂಗಳು ಕಳೆದಿತ್ತು.

ಮೊದಲ ವೈದ್ಯರು ಎಕ್ಸ್‌ರೇ ನೋಡಿ ಇಂಪಿಂಜ್‌ಮೆಂಟ್ ಎಂದರು. ಅಕ್ರೋಮಿಯನ್ ಎಂಬ ಮೂಳೆಯ ಚಾಚು ಭುಜದ ಕೀಲಿಗೆ ಸೂರಿನಂತಿರುತ್ತದೆ. ಕೈ ಎತ್ತಿದಾಗಲೆಲ್ಲ ಅದು ತನ್ನಡಿ ಹಾದುಹೋಗುವ ರೊಟೇಟರ್ ಕಫ್ ಸ್ನಾಯುರಜ್ಜನ್ನು ಉಜ್ಜುತ್ತಿದೆ, ಮೂಳೆಯ ತಳವನ್ನು ಸ್ವಲ್ಪ ಕೆರೆದು ಜಾಗ ಮಾಡಿಕೊಟ್ಟರೆ ಸರಿಹೋಗುತ್ತದೆ ಎಂಬುದು ಅವರ ವಿವರಣೆ. ಕೇಳಲು ಎಷ್ಟು ಸರಳ! ಹೊಸ್ತಿಲಿಗೆ ತಾಗುವ ಬಾಗಿಲಿಗೆ ಬಡಗಿ ತೋಪಡ ಹೊಡೆದಂತೆ. ಚಾರ್ಲ್ಸ್ ನೀರ್ ಎಂಬ ಶಸ್ತ್ರವೈದ್ಯರು 1972ರಲ್ಲಿ ಈ ವಿವರಣೆಯನ್ನೂ ಅದಕ್ಕೆ ತಕ್ಕ ಶಸ್ತ್ರಚಿಕಿತ್ಸೆಯನ್ನೂ ಮುಂದಿಟ್ಟ ಮೇಲೆ ಲೆಕ್ಕವಿಲ್ಲದಷ್ಟು ಭುಜಗಳಿಗೆ ತೋಪಡ ಬಿದ್ದಿದೆ. ನಾನೂ ದಿನ ಗೊತ್ತುಮಾಡಿಕೊಂಡೇ ಬಂದೆ.

ತಡೆದವರು ನಮ್ಮ ತಂಡದ ಫಿಸಿಯೋ. ಅವರು ಕೇಳಿದ್ದು ಒಂದೇ ಪ್ರಶ್ನೆ: ಕೈ ಯಾವ ಸ್ಥಿತಿಯಲ್ಲಿದ್ದಾಗ ನೋವು? ಚೆಂಡಿಗೆ ಹೊಡೆಯುವ ಮುನ್ನ ಕೈಯನ್ನು ಪೂರ್ತಿ ಹಿಂದಕ್ಕೆ ಎಳೆದ ಕ್ಷಣದಲ್ಲಿ, ಅದೂ ಭುಜದ ಹಿಂಬದಿಯಲ್ಲಿ ಎಂದೆ. ಹಾಗಿದ್ದರೆ ಸೂರಿನ ಮೇಲೆ ಅನುಮಾನ ಪಡುವ ಮೊದಲು ಇನ್ನೊಬ್ಬರಿಗೆ ತೋರಿಸಿ ಎಂದರು.

ಎರಡನೆಯ ವೈದ್ಯರು ಸ್ಕ್ಯಾನ್ ಕೈಗೆತ್ತಿಕೊಳ್ಳುವ ಮೊದಲೇ ನನ್ನನ್ನು ಅಂಗಾತ ಮಲಗಿಸಿದರು. ತೋಳನ್ನು ಪಕ್ಕಕ್ಕೆ ಚಾಚಿಸಿ, ಮೊಣಕೈ ಮಡಿಸಿ, ಹೆಗಲಮೂಳೆ ಅಲುಗದಂತೆ ಒತ್ತಿ ಹಿಡಿದು ಕೋನ ಅಳೆದರು. ಎಡಭುಜ ಒಳಮುಖವಾಗಿ 63 ಡಿಗ್ರಿ ತಿರುಗಿತು, ಬಲಭುಜ 38ಕ್ಕೇ ನಿಂತಿತು. ಮೇಲಿಂದ ಹೊಡೆಯುವ, ಎಸೆಯುವ ಆಟಗಾರರಲ್ಲಿ ಹೊರಮುಖ ತಿರುವು ಹೆಚ್ಚಿ ಒಳಮುಖ ತಿರುವು ಸ್ವಲ್ಪ ಕಡಿಮೆಯಾಗುವುದು ಸಹಜ. ಎರಡೂ ಕೂಡಿದ ಮೊತ್ತ ಎರಡು ಕೈಗಳಲ್ಲಿ ಹೆಚ್ಚುಕಡಿಮೆ ಸಮ ಇರಬೇಕು. ನನ್ನದು ಬಲಗಡೆ 15 ಡಿಗ್ರಿ ಕಡಿಮೆ ಇತ್ತು. ವರ್ಷಗಟ್ಟಲೆ ಹೊಡೆದ ಕೈಯನ್ನು ಪ್ರತಿಸಲ ತಡೆದು ನಿಲ್ಲಿಸುವ ಭಾರ ಹೊತ್ತು ಕೀಲಿನ ಹಿಂಬದಿಯ ಪೊರೆ ದಪ್ಪಗಾಗಿ ಬಿಗಿದಿತ್ತು. ಅದರಿಂದಾಗಿ ಕೈ ಹಿಂದಕ್ಕೆ ಹೋದಾಗ ತೋಳಿನ ಮೂಳೆಯ ಗುಂಡು ತನ್ನ ಜಾಗದಿಂದ ಸ್ವಲ್ಪ ಸರಿದು, ಸ್ನಾಯುರಜ್ಜಿನ ಒಳಮೈಯನ್ನು ಕೀಲುಗುಳಿಯ ಹಿಂದಿನ ಅಂಚಿಗೆ ಒತ್ತುತ್ತಿತ್ತು. ಫ್ರಾನ್ಸಿನ ವಾಲ್ಷ್ ಎಂಬ ವೈದ್ಯರು 1992ರಲ್ಲಿ ವಿವರಿಸಿದ ಒಳ ಇಂಪಿಂಜ್‌ಮೆಂಟ್ ಇದೇ. ಇಂಥ ಭುಜದಲ್ಲಿ ಸೂರು ಕೆರೆಯುವುದು ಸೋರುವ ನಲ್ಲಿಗೆ ಛಾವಣಿ ರಿಪೇರಿ ಮಾಡಿದಂತೆ.

ಆಮೇಲೆ ಓದಿ ತಿಳಿದದ್ದು ಇನ್ನೂ ಬೆಚ್ಚಿಬೀಳಿಸಿತು. ಅಕ್ರೋಮಿಯನ್ ಕೆರೆಸಿಕೊಂಡ ಕ್ರೀಡಾಪಟುಗಳ ಬಗ್ಗೆ 1985ರಲ್ಲೇ ಬಂದ ವರದಿಯೊಂದರಲ್ಲಿ, ಎಸೆಯುವ ಆಟಗಳ 18 ಮಂದಿಯ ಪೈಕಿ ಹಿಂದಿನ ಮಟ್ಟಕ್ಕೆ ಮರಳಿದವರು ನಾಲ್ವರು ಮಾತ್ರ. 2018ರಲ್ಲಿ ಬ್ರಿಟನ್ನಿನಲ್ಲೂ ಫಿನ್ಲೆಂಡಿನಲ್ಲೂ ಪ್ರಕಟವಾದ ಪ್ರಯೋಗಗಳಲ್ಲಿ ಕೆಲವರಿಗೆ ಮೂಳೆ ಕೆರೆದರು, ಇನ್ನು ಕೆಲವರಿಗೆ ಭುಜದೊಳಗೆ ಸಣ್ಣ ದುರ್ಬೀನು ತೂರಿಸಿ ನೋಡಿ ಸುಮ್ಮನೆ ಹೊರತೆಗೆದರು. ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅವರು ಸಾಮಾನ್ಯ ರೋಗಿಗಳು, ಸ್ಪೈಕ್ ಹೊಡೆಯುವವರಲ್ಲ, ನಿಜ. ಆದರೂ ನನ್ನ ಉತ್ಸಾಹ ಇಳಿಯಲು ಅಷ್ಟು ಸಾಕಾಯಿತು.

ಮೂರು ತಿಂಗಳು ವ್ಯಾಯಾಮವನ್ನಷ್ಟೇ ಮಾಡಿದೆ. ನೋವಿನ ಭುಜದ ಕಡೆಗೇ ಮಲಗಿ, ಮೈಯನ್ನು ತುಸು ಹಿಂದಕ್ಕೆ ಹೊರಳಿಸಿ, ಮಡಿಸಿದ ಮುಂಗೈಯನ್ನು ಇನ್ನೊಂದು ಕೈಯಿಂದ ನೆಲದತ್ತ ಮೆಲ್ಲಗೆ ಒತ್ತುವ ಸ್ಲೀಪರ್ ಸ್ಟ್ರೆಚ್, ತೋಳನ್ನು ಎದೆಗಡ್ಡ ಎಳೆಯುವ ಇನ್ನೊಂದು ಸ್ಟ್ರೆಚ್. ಒಳಮುಖ ತಿರುವಿನಲ್ಲಿದ್ದ 25 ಡಿಗ್ರಿಯ ಕೊರತೆ 10ಕ್ಕೆ ಇಳಿಯಿತು, ನಿದ್ದೆ ಮರಳಿತು. ಆದರೆ ಕೈ ಹಿಂದೆಳೆದಾಗ ಲಟಕ್ಕೆಂದು ಸಿಕ್ಕಿಕೊಳ್ಳುವುದು ಹೋಗಲಿಲ್ಲ. ಚಿತ್ರ ಸ್ಪಷ್ಟವಾಗಲೆಂದು ಕೀಲಿಗೆ ದ್ರವ ಚುಚ್ಚಿ ಮಾಡಿದ ಎಂಆರ್‌ಐನಲ್ಲಿ ಸ್ನಾಯುರಜ್ಜಿನ ಒಳಮೈ ಹರಿದಿರುವುದೂ ಕೀಲುಗುಳಿಯ ಅಂಚಿಗೆ ಸುತ್ತಿರುವ ಲೇಬ್ರಮ್ ಎಂಬ ಪಟ್ಟಿ ನಾರುನಾರಾಗಿರುವುದೂ ಕಂಡವು. ಹರಿದ ಭಾಗ ರಜ್ಜಿನ ದಪ್ಪದ ಅರ್ಧಕ್ಕಿಂತ ಕಡಿಮೆ ಇದ್ದುದರಿಂದ ಹೊಲಿಗೆ ಬೇಕಾಗಲಿಲ್ಲ. ಮೂರು ಸಣ್ಣ ರಂಧ್ರಗಳ ಮೂಲಕ ನಾರುಗಳನ್ನು ಕತ್ತರಿಸಿ ನಯಮಾಡಿದರು. ಮೂಳೆಯನ್ನು ಮುಟ್ಟಲಿಲ್ಲ. ಶಸ್ತ್ರಚಿಕಿತ್ಸೆಯ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಲು ನನ್ನಲ್ಲಿ ಏನೂ ಇಲ್ಲ, ನಾನು ನಿದ್ದೆಯಲ್ಲಿದ್ದೆ.

ಕೈ ಒಂದು ವಾರ ಸ್ಲಿಂಗ್‌ನಲ್ಲಿತ್ತು. ಮುಂದೆ ಬಾಗಿ ಕೈಯನ್ನು ಲೋಲಕದಂತೆ ಇಳಿಬಿಟ್ಟು ತೂಗುವುದು, ಎಡಗೈಯಲ್ಲಿ ಹಿಡಿದ ಕೋಲಿನಿಂದ ಬಲಗೈಯನ್ನು ಮೇಲಕ್ಕೆ ತಳ್ಳುವುದು ಇತ್ಯಾದಿಗಳಲ್ಲಿ ಆರು ವಾರ ಕಳೆದವು. ನಿಜವಾದ ಅವಮಾನ ಆರಂಭವಾದದ್ದು ಅದಾದ ಮೇಲೆ. ಫಿಸಿಯೋ ನನ್ನ ಬೆನ್ನಿನ ವಿಡಿಯೋ ತೆಗೆದು ತೋರಿಸಿದರು. ಕೈ ಇಳಿಸುವಾಗ ಬಲ ಹೆಗಲಮೂಳೆ ಪಕ್ಕೆಲುಬಿಗೆ ಅಂಟಿಕೊಳ್ಳದೆ ಕೋಳಿಯ ರೆಕ್ಕೆಯಂತೆ ಎದ್ದುನಿಲ್ಲುತ್ತಿತ್ತು. ಕೀಲುಗುಳಿ ಇರುವುದು ಅದೇ ಮೂಳೆಯಲ್ಲಿ. ಬುಡವೇ ಅಲುಗಾಡುವಾಗ ಮೇಲಿನ ಕೈ ಎಷ್ಟು ಗಟ್ಟಿಯಾಗಿದ್ದು ಏನು ಪ್ರಯೋಜನ? ಬೋರಲು ಮಲಗಿ, ಹೆಬ್ಬೆರಳು ಮೇಲೆ ಮಾಡಿ, ಕೈಗಳನ್ನು ಓರೆಯಾಗಿ ಚಾಚಿ ಎತ್ತಬೇಕು. ಏನೂ ಭಾರವಿಲ್ಲದೆ ಹತ್ತು ಸಲ ಎತ್ತಲಾಗಲಿಲ್ಲ. ಮಗ್ಗುಲಾಗಿ ಮಲಗಿ ಒಂದು ಕಿಲೋದ ಡಂಬೆಲ್ ಹಿಡಿದು ಮುಂಗೈ ಹೊರಮುಖವಾಗಿ ತಿರುಗಿಸುವಾಗ ತೋಳು ನಡುಗುತ್ತಿತ್ತು. ಎದೆಯ ಮೇಲೆ ಎಂಬತ್ತು ಕಿಲೋ ಎತ್ತುತ್ತಿದ್ದವನು ನಾನು! ಹೊಡೆಯುವ ಸ್ನಾಯುಗಳನ್ನು ವರ್ಷಗಟ್ಟಲೆ ಸಾಕಿದ್ದೆ, ಹೊಡೆದ ಕೈಯನ್ನು ತಡೆಯುವ ಸ್ನಾಯುಗಳನ್ನು ಉಪವಾಸ ಕೆಡವಿದ್ದೆ.

ಮೂರನೆಯ ತಿಂಗಳಲ್ಲಿ ನೋವು ಪೂರ್ತಿ ನಿಂತಿತು, ನನ್ನ ಬುದ್ಧಿಯೂ ಅದರ ಜೊತೆಗೇ ನಿಂತಿತು. ಯಾರೂ ಇಲ್ಲದ ಹೊತ್ತಿನಲ್ಲಿ ಅಂಕಣಕ್ಕೆ ಹೋಗಿ ಮೂವತ್ತು ಚೆಂಡು ಹೊಡೆದೆ. ಹೊಡೆಯುವಾಗ ಏನೂ ಆಗಲಿಲ್ಲ, ಹಾಯೆನಿಸಿತು. ಮರುದಿನ ಬೆಳಿಗ್ಗೆ ಲೋಟ ಎತ್ತಲು ಎಡಗೈ ಬೇಕಾಯಿತು. ಹತ್ತು ದಿನ ಹಿಂದಕ್ಕೆ ಹೋದೆ. ಫಿಸಿಯೋ ಬೈಯಲಿಲ್ಲ, ಬಲ ಅಳೆಯುವ ಸಾಧನ ತಂದು ನನ್ನ ಕೈಗೆ ಒತ್ತಿಹಿಡಿದರು. ಹೊರಮುಖ ತಿರುವಿನ ಬಲ ಒಳಮುಖ ತಿರುವಿನ ಬಲದ ಶೇಕಡಾ 58ರಷ್ಟಿತ್ತು. ಇದು 75ರ ಹತ್ತಿರ ಬರುವ ತನಕ ಚೆಂಡು ಮುಟ್ಟುವ ಹಾಗಿಲ್ಲ ಎಂದರು. ಕ್ಯಾಲೆಂಡರ್ ನೋಡುವುದನ್ನು ಅಂದು ಬಿಟ್ಟು ಆ ಸಂಖ್ಯೆಯನ್ನು ನೋಡತೊಡಗಿದೆ.

ಅದು 74 ಮುಟ್ಟಿದಾಗ ಐದನೆಯ ತಿಂಗಳು ನಡೆಯುತ್ತಿತ್ತು. ಮೊದಲು ಟೆನಿಸ್ ಚೆಂಡಿನ ಎಸೆತ, ಆಮೇಲೆ ನಿಂತಲ್ಲೇ ಅರ್ಧ ವೇಗದ ಇಪ್ಪತ್ತು ಸ್ಪೈಕ್, ಒಂದು ದಿನ ಬಿಟ್ಟು ಒಂದು ದಿನ. ಮರುದಿನ ಬೆಳಿಗ್ಗೆ ನೋವಿಲ್ಲದಿದ್ದರೆ ಮಾತ್ರ ಸಂಖ್ಯೆ ಏರಿಕೆ. ಸಂಖ್ಯೆ, ವೇಗ ಎರಡನ್ನೂ ಒಂದೇ ದಿನ ಏರಿಸುವಂತಿಲ್ಲ. ಜಿಗಿತ ಸೇರಿಸಿದ್ದು ಕೊನೆಗೆ. ನಡುವೆ ಒಂಟಿಕಾಲಿನ ಸ್ಕ್ವಾಟ್, ಸೊಂಟ ತಿರುಗಿಸಿ ಭಾರದ ಚೆಂಡು ಎಸೆಯುವುದು ನಡೆದೇ ಇತ್ತು. ಟೆನಿಸ್ ಸರ್ವ್‌ನ ಶಕ್ತಿಯಲ್ಲಿ ಸುಮಾರು ಅರ್ಧದಷ್ಟು ಕಾಲು ಮತ್ತು ನಡುವಿನಿಂದ ಬರುತ್ತದೆ. ನಾನು ಅದೆಲ್ಲವನ್ನೂ ಭುಜದಿಂದಲೇ ವಸೂಲಿ ಮಾಡುತ್ತಿದ್ದೆ.

ಏಳನೆಯ ತಿಂಗಳಲ್ಲಿ ಪಂದ್ಯಕ್ಕೆ ಇಳಿದೆ, ಬದಲಿ ಆಟಗಾರನಾಗಿ, ಒಂದು ಸೆಟ್‌ಗೆ. ಈಗ ಎರಡು ವರ್ಷವಾಗಿದೆ. ಅಭ್ಯಾಸದ ಸ್ಪೈಕ್‌ಗಳನ್ನು ಎಣಿಸಿ ಬರೆದಿಡುತ್ತೇನೆ, ತಂಡದ ಹುಡುಗರು ನಗುತ್ತಾರೆ. ಜಂಪ್ ಸರ್ವ್ ಬಿಟ್ಟಿದ್ದೇನೆ. ಅದಿಲ್ಲದೆ ಆಡಲಾರೆ ಎಂದುಕೊಂಡಿದ್ದೆ. ಅದರ ಬದಲಿಗೆ ಕಲಿತ, ಚೆಂಡು ತಿರುಗದೆ ತೇಲಿಹೋಗುವ ಫ್ಲೋಟ್ ಸರ್ವ್‌ನಿಂದ ಮೊದಲಿಗಿಂತ ಹೆಚ್ಚು ಅಂಕಗಳು ಬರುತ್ತಿವೆ ಎಂಬುದನ್ನು ಒಪ್ಪಿಕೊಳ್ಳಲು ಮಾತ್ರ ಇನ್ನೂ ಸ್ವಲ್ಪ ಸಂಕಟ.