ಪೀಜೋ ಸ್ಟೇಜ್ ಕಟ್ಟಿದ್ದು: ಘರ್ಷಣೆಯನ್ನು ಹದಕ್ಕೆ ತಂದ ಬಗೆ

ಆಪ್ಟಿಕಲ್ ಚಿಪ್‌ಗಳಿಗೆ ಫೈಬರ್, ಅಂದರೆ ಬೆಳಕು ಸಾಗಿಸುವ ಗಾಜಿನ ಎಳೆ, ಜೋಡಿಸುವುದು ನನ್ನ ಕೆಲಸ. ಚಿಪ್‌ನೊಳಗೆ ಬೆಳಕು ಹರಿಯುವ ಜಾಡು ಸುಮಾರು 3 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಮೂರು ಪಾಲು) ಅಗಲ. ಫೈಬರಿನ ತುದಿ ಒಂದೇ ಮೈಕ್ರಾನ್ ಪಕ್ಕಕ್ಕೆ ಸರಿದರೂ ಮೂರರಲ್ಲೊಂದು ಪಾಲು ಬೆಳಕು ಹೋಯಿತೆಂದೇ ಲೆಕ್ಕ. ಮೈಕ್ರೋಮೀಟರ್ ಸ್ಕ್ರೂ ತಿರುಗಿಸಿ ಅಲ್ಲಿಗೆ ತರಬಹುದು. ಕೈ ತೆಗೆದಾಗ ಮತ್ತೆ ಕದಲುತ್ತದೆ. ಮುಚ್ಚಿದ ಪೆಟ್ಟಿಗೆಯೊಳಗೆ ಕೈ ಹೋಗುವುದೂ ಇಲ್ಲ. ಫೈಬರನ್ನು ಹಿಡಿದು ಚೂರು ಚೂರೇ ಸರಿಸುವ ಸಾಧನಕ್ಕೆ ಸ್ಟೇಜ್ ಎನ್ನುತ್ತಾರೆ. ಹೊರದೇಶದ ಸಿದ್ಧ ಸ್ಟೇಜ್ ಕಂಟ್ರೋಲರ್ ಸಮೇತ ಲಕ್ಷಗಳ ಬಾಬತ್ತು. ಹಾಗಾಗಿ ನಾನೇ ಒಂದು ಕಟ್ಟಿಕೊಂಡೆ.

ಪೀಜೋ ಎಂಬ ಸೆರಾಮಿಕ್ಕಿನ ತೆಳು ಪದರಗಳನ್ನು ಒಂದರ ಮೇಲೊಂದು ಪೇರಿಸಿದ್ದು ಪೀಜೋ ಸ್ಟ್ಯಾಕ್. ಅದಕ್ಕೆ ವೋಲ್ಟೇಜ್ ಕೊಟ್ಟರೆ ಅದು ಉಬ್ಬುತ್ತದೆ, ಆದರೆ ತನ್ನ ಉದ್ದದ ಸಾವಿರದಲ್ಲೊಂದು ಪಾಲು ಮಾತ್ರ. ನನ್ನದು 5 ಮಿಲಿಮೀಟರಿನದು, ಅಂದರೆ ಪೂರ್ತಿ ವೋಲ್ಟೇಜಿಗೂ ಸಿಗುವುದು 5 ಮೈಕ್ರಾನ್ ಆಸುಪಾಸು. ನನಗೆ ಬೇಕಿದ್ದದ್ದು 5 ಮಿಲಿಮೀಟರ್ ಓಡಾಟ. ದಾರಿಗಳು ಹಲವಿವೆ, ತುಂಬ ಚಿಕ್ಕದಾಗಿ ಮಾಡಬಹುದಾದದ್ದು ಸ್ಟಿಕ್-ಸ್ಲಿಪ್, ಅಂದರೆ ಅಂಟಿ-ಜಾರುವ ವಿಧಾನ. ಸ್ಟ್ಯಾಕ್‌ನ ತುದಿಯಲ್ಲೊಂದು ಕಡ್ಡಿ, ಕಡ್ಡಿಯನ್ನು ಹಿಡಿದುಕೊಂಡ ಸ್ಲೈಡರ್. ಕಡ್ಡಿ ಮೆಲ್ಲಗೆ ಮುಂದೆ ಹೋದಾಗ ಸ್ಲೈಡರ್ ಜೊತೆಗೆ ಹೋಗುತ್ತದೆ. ಕಡ್ಡಿಯನ್ನು ಥಟ್ಟನೆ ಹಿಂದಕ್ಕೆಳೆದರೆ ಸ್ಲೈಡರ್ ಜಡತ್ವದಿಂದ ಅಲ್ಲೇ ಉಳಿಯುತ್ತದೆ. ಮೊರವನ್ನು ಬೇಕಾದ ಹದದಲ್ಲಿ ಜಗ್ಗಿ ಕಾಳನ್ನು ಒಂದು ಅಂಚಿಗೆ ತರುತ್ತಾರಲ್ಲ, ಅದೇ ಉಪಾಯ. ಜೂರಿಕ್ ಬಳಿಯ ಐಬಿಎಂ ಪ್ರಯೋಗಾಲಯದ ಪೋಲ್ 1987ರಲ್ಲಿ ಇಂಥ ಸಾಧನದ ಬಗ್ಗೆ ಬರೆದಿದ್ದರು.

ಎಲೆಕ್ಟ್ರಾನಿಕ್ಸ್ ಭಾಗ ಜನ ಹೆದರುವಷ್ಟು ಕಷ್ಟವಲ್ಲ. ಸ್ಟ್ಯಾಕ್ ಅಂದರೆ ಸರ್ಕ್ಯೂಟಿನ ಕಣ್ಣಿಗೆ ಒಂದು ಕೆಪಾಸಿಟರ್. ನನ್ನದು ಸುಮಾರು 200 ನ್ಯಾನೋಫ್ಯಾರಡ್. 60 ವೋಲ್ಟಿಗೆ ನಿಧಾನವಾಗಿ, ಅಂದರೆ 0.8 ಮಿಲಿಸೆಕೆಂಡಿನಲ್ಲಿ ಏರಿಸಲು 15 ಮಿಲಿಆಂಪ್ ಸಾಕು. ಅದೇ 60 ವೋಲ್ಟನ್ನು 10 ಮೈಕ್ರೋಸೆಕೆಂಡಿನಲ್ಲಿ ಇಳಿಸಬೇಕಾದರೆ 1.2 ಆಂಪ್ ಹರಿಯಬೇಕು. ಮೇಜಿನ ಮೇಲಿನ ಸಾಮಾನ್ಯ ಪೀಜೋ ಆಂಪ್ಲಿಫೈಯರ್ ಇಲ್ಲೇ ಸುಸ್ತಾಗುತ್ತದೆ. ಅದರ ಬದಲು ಸ್ವಿಚ್ಚಿನಂತೆ ಕೆಲಸ ಮಾಡುವ ಎರಡು ಮಾಸ್ಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್), ಎರಡು ಸ್ಥಿರ ಕರೆಂಟ್ ಮೂಲ ಹಾಕಿದೆ: ಮುಂದೆ ಹೋಗಲು ನಿಧಾನ ಏರು, ಚುರುಕು ಇಳಿ, ಹಿಂದೆ ಬರಲು ಅದರ ಉಲ್ಟಾ. ಬಿಡಿಭಾಗಗಳೆಲ್ಲ ಬೆಂಗಳೂರಿನ ಎಸ್.ಪಿ. ರೋಡಿನಲ್ಲೇ ಸಿಕ್ಕವು. ಬೆಸುಗೆ ಹಾಕುವಾಗ ಐರನ್ ಮುಟ್ಟಿಸಿ ಚಕ್ಕನೆ ತೆಗೆಯಬೇಕು, ಬಿಸಿ ಹೆಚ್ಚಾದರೆ ಪೀಜೋ ತನ್ನ ಧ್ರುವೀಕರಣ, ಅದರ ಜೊತೆಗೆ ಉಬ್ಬುವ ಗುಣವನ್ನೂ, ಕಳೆದುಕೊಳ್ಳುತ್ತದೆ.

ನಿಜವಾದ ಕೆಲಸವಿದ್ದದ್ದು ಘರ್ಷಣೆಯಲ್ಲಿ. ಹಿಡಿತ ಸಡಿಲವಾದರೆ ಸ್ಲೈಡರ್ ಹೊರೆ ತಾಳದು. ಬಿಗಿಯಾದರೆ ಕಡ್ಡಿ ಹಿಂದಕ್ಕೆ ಬರುವಾಗ ಸ್ಲೈಡರನ್ನೂ ಎಳೆದು ತರುತ್ತದೆ: ಸಿಳ್ಳೆಯಂಥ ಸದ್ದು ಕೇಳುತ್ತಿರುತ್ತದೆ, ಸ್ಲೈಡರ್ ಮಾತ್ರ ಇದ್ದಲ್ಲೇ ಇರುತ್ತದೆ. ಫಾಸ್ಫರ್ ಬ್ರಾಂಜ್ ಪಟ್ಟಿಯ ಸ್ಪ್ರಿಂಗನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಒತ್ತಿ, ಎಷ್ಟು ಬಾಗಿದರೆ ಎಷ್ಟು ಗ್ರಾಂ ತೋರಿಸುತ್ತದೆ ಎಂದು ಮೊದಲೇ ಗುರುತು ಹಾಕಿಕೊಂಡೆ. 30 ಗ್ರಾಂ ಸ್ಲೈಡರಿಗೆ 300 ಗ್ರಾಂ ಒತ್ತಡ ಹದವಾಗಿ ಕೂತಿತು. ಘರ್ಷಣಾಂಕ 0.2 ಎಂದುಕೊಂಡರೆ ಹಿಡಿತ 60 ಗ್ರಾಂ ತೂಕದಷ್ಟು. ನೆಟ್ಟಗೆ ನಿಲ್ಲಿಸಿದರೂ ಸ್ಲೈಡರ್ ಜಾರಿ ಬೀಳುವುದಿಲ್ಲ. ಪವರ್ ತೆಗೆದರೂ ಅಲ್ಲೇ ನಿಲ್ಲುತ್ತದೆ, ಇದು ನನಗೆ ಈ ವಿಧಾನದಲ್ಲಿ ತುಂಬ ಇಷ್ಟವಾದ ಗುಣ.

ಕಡ್ಡಿ ಯಾವುದು ಎಂಬುದೂ ಅಷ್ಟೇ ಮುಖ್ಯ. ಸ್ಟೀಲಿನ ಮೇಲೆ ಹಿತ್ತಾಳೆ ಬೇಗ ಗೀರಾಗುತ್ತದೆ, ಗೀರು ಬಿದ್ದ ಕಡೆ ಹೆಜ್ಜೆ ಬದಲಾಗುತ್ತದೆ. ನಾನು ಬಳಸಿದ್ದು ಫೈಬರ್ ಕನೆಕ್ಟರಿನ ಜಿರ್ಕೋನಿಯಾ ಫೆರೂಲ್, ಅಂದರೆ ಫೈಬರಿನ ತುದಿಯನ್ನು ಹಿಡಿದಿಡುವ ಗಟ್ಟಿ ಸೆರಾಮಿಕ್ ಕೊಳವೆ. 2.5 ಮಿಲಿಮೀಟರ್ ವ್ಯಾಸ, ಕನ್ನಡಿಯಂಥ ನಯ, ಬೆಲೆ ಜುಜುಬಿ. ನಮ್ಮ ಡ್ರಾಯರ್ ತುಂಬ ಬಿದ್ದಿರುತ್ತವೆ. ಸ್ಟ್ಯಾಕ್‌ಗೆ ಅಂಟಿಸಲು ಗಡುಸಾದ ಎಪಾಕ್ಸಿ, ಅದೂ ತೀರ ತೆಳು ಪದರ. ಮೆತ್ತನೆ ಅಂಟು ಚುರುಕು ಜಗ್ಗುವಿಕೆಯನ್ನೆಲ್ಲ ನುಂಗಿಬಿಡುತ್ತದೆ. ಸ್ಟ್ಯಾಕ್ ಕೂತಿರುವ ತಳ ಭಾರವಾಗಿರಲಿ, ಇಲ್ಲವಾದರೆ ಕಡ್ಡಿಯ ಬದಲು ತಳವೇ ಹಾರುತ್ತದೆ. ಪ್ರತಿ ಜೋಡಣೆಗೂ ಮುನ್ನ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸುತ್ತೇನೆ. ಬೆರಳಿನ ಜಿಡ್ಡು ಹತ್ತಿದರೆ ಮೇಲಿನ ಲೆಕ್ಕವೆಲ್ಲ ತಲೆಕೆಳಗು.

ಹೆಜ್ಜೆ ಎಣಿಸಿ ಜಾಗ ಹುಡುಕುವ ಆಸೆ ಬೇಡ. ಮುಂದಕ್ಕಿಡುವ ಹೆಜ್ಜೆ, ಹಿಂದಕ್ಕಿಡುವ ಹೆಜ್ಜೆ ಒಂದೇ ಅಳತೆಯವಲ್ಲ. ನೆಟ್ಟಗೆ ನಿಲ್ಲಿಸಿದ ಅಕ್ಷದಲ್ಲಂತೂ ಇಳಿಯುವುದು ಸಲೀಸು, ಏರುವುದು ತ್ರಾಸ. ಸ್ಲೈಡರ್ ಎಲ್ಲಿದೆ ಎಂದು ಅಳೆಯುವ ಎನ್‌ಕೋಡರ್ ಹಾಕಿದರೆ ತೀರುತ್ತದೆ, ಆದರೆ ಜಾಗ ತಿನ್ನುತ್ತದೆ. ನನಗೆ ಅದು ಬೇಕಾಗಲಿಲ್ಲ, ಏಕೆಂದರೆ ಚಿಪ್‌ನ ಆಚೆ ಬದಿಯ ಫೋಟೋಡಿಟೆಕ್ಟರೇ ಎಷ್ಟು ಬೆಳಕು ದಾಟಿತು ಎಂದು ಹೇಳುತ್ತದೆ. ಬೆಳಕು ಏರುವವರೆಗೆ ಹೆಜ್ಜೆ, ಶಿಖರ ಸಮೀಪಿಸಿದ ಮೇಲೆ ಜಗ್ಗುವುದನ್ನು ಬಿಟ್ಟು ವೋಲ್ಟೇಜನ್ನು ನಯವಾಗಿ ಬದಲಿಸುವುದು. 60 ವೋಲ್ಟಿನೊಳಗೆ ಸಿಗುವ 2-3 ಮೈಕ್ರಾನ್ ವ್ಯಾಪ್ತಿಯಲ್ಲಿ ನ್ಯಾನೋಮೀಟರುಗಳಲ್ಲಿ ಆಡಿಸಬಹುದು. ಇದಕ್ಕಾಗಿ ಕೊನೆಯ ಹೆಜ್ಜೆಯ ನಂತರ ಸ್ಟ್ಯಾಕನ್ನು 30 ವೋಲ್ಟಿನಲ್ಲಿ ನಿಲ್ಲಿಸುತ್ತೇನೆ, ಎರಡೂ ಕಡೆ ಜಾಗವಿರಲೆಂದು.

ಅಲ್ಲೂ ಒಂದು ತಂಟೆ ಇದೆ: ವೋಲ್ಟೇಜ್ ಸ್ಥಿರವಾಗಿದ್ದರೂ ಪೀಜೋ ಸ್ವಲ್ಪ ಹೊತ್ತು ಹರಿದಾಡುತ್ತಿರುತ್ತದೆ. ಮೊದಲ ಸೆಕೆಂಡಿನಲ್ಲಿ ಕದಲಿದಷ್ಟೇ ಮುಂದಿನ ಹತ್ತು ಸೆಕೆಂಡಿನಲ್ಲಿ, ಆಮೇಲೆ ನೂರರಲ್ಲಿ, ಹೀಗೆ ತಗ್ಗುತ್ತ ಹೋಗುತ್ತದೆ. ಹಾಗಾಗಿ ಶಿಖರ ಸಿಕ್ಕ ಮೇಲೆ ಅಂಟು ಹಾಕುವ ಮೊದಲು ಕೆಲವು ನಿಮಿಷ ಬಿಟ್ಟು ಮತ್ತೊಮ್ಮೆ ಸರಿಪಡಿಸುತ್ತೇನೆ. ರಾತ್ರಿಯಿಡೀ ವೋಲ್ಟೇಜ್ ಹಾಕಿ ಬಿಡುವುದಿಲ್ಲ. ಮಳೆಗಾಲದ ತೇವದಲ್ಲಿ ನಿಂತ ವೋಲ್ಟೇಜ್ ಸ್ಟ್ಯಾಕಿನ ಪದರಗಳ ನಡುವೆ ಸೋರಿಕೆ ತರುತ್ತದೆ. ಮನೆಗೆ ಹೊರಡುವಾಗ ಸೊನ್ನೆಗೆ ಇಳಿಸಿ, ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಮುಚ್ಚುತ್ತೇನೆ.